ಗೂಟದ ಪಾಲು

ನನ್ನ ಹೆಸರು ಹೂವಮ್ಮ. ನಗುವವರು ಈಗಲೇ ನಕ್ಕುಬಿಡಿ, ಯಾಕೆಂದರೆ ಈ ಕಥೆ ಶುರುವಾದಾಗ ನನ್ನ ತೂಕ ತೊಂಬತ್ತೆಂಟು ಕೆಜಿ. ಬೆಲ್ಲದ ಮಂಡಿಯ ದೊಡ್ಡ ತಕ್ಕಡಿಯಲ್ಲಿ ಊರವರೆದುರೇ ತೂಗಿದ್ದು, ಹೆಚ್ಚುಕಡಿಮೆಯ ಮಾತೇ ಇಲ್ಲ. ಪ್ರತಿ ಯುಗಾದಿಯ ಮರುದಿನ ನಮ್ಮೂರಲ್ಲಿ ಒಂದೊಂದು ಬೀದಿಯ ಗೂಟವನ್ನೂ ಹಾಗೆ ತೂಗುತ್ತಾರೆ. ತೊಂಬತ್ತು ದಾಟಿದ್ದರೆ ಹಣೆಗೆ ಕುಂಕುಮವಿಟ್ಟು, ಕೈಗೊಂದು ತೆಂಗಿನಕಾಯಿ ಕೊಟ್ಟು ಕಳಿಸುತ್ತಾರೆ. ನಮ್ಮ ಬೀದಿಯ ಗೂಟ ನಾನು. ನನಗಿಂತ ಮುಂಚೆ ನಮ್ಮಪ್ಪ.

ಸಂಜೆ ದೀಪ ಹಚ್ಚುವ ಹೊತ್ತಿಗೆ ನಮ್ಮೂರಲ್ಲಿ ಜನ ನೆಲ ಬಿಟ್ಟು ಏಳುತ್ತಾರೆ. ಮೊದಲು ಹಿಮ್ಮಡಿ, ಆಮೇಲೆ ಬೆರಳ ತುದಿ, ಆಮೇಲೆ ಮೆಲ್ಲಗೆ ಇಡೀ ಮೈ. ಒಂದು ಪಾತ್ರೆ ಅನ್ನ ಬೇಯುವಷ್ಟು ಹೊತ್ತು ತೇಲಿ, ಮತ್ತೆ ಅಷ್ಟೇ ಮೆಲ್ಲಗೆ ಇಳಿಯುತ್ತಾರೆ. ಅದಕ್ಕೆ ತೇಲುಹೊತ್ತು ಅನ್ನುತ್ತೇವೆ. ಒಳಗೇ ಉಳಿದರೆ ತಲೆ ಜಂತೆಗೆ ಬಡಿಯುತ್ತದೆ, ಹಾಗಾಗಿ ಎಲ್ಲರೂ ಸೊಂಟಕ್ಕೆ ನೂಲಿನ ಹಗ್ಗ ಬಿಗಿದುಕೊಂಡು ಬೀದಿಗೆ ಬರುತ್ತಾರೆ. ಹೆಂಗಸರು ಮೇಲೆಯೇ ಕೂತು ಅವರೆಕಾಯಿ ಸುಲಿಯುತ್ತಾರೆ, ಹೂ ಕಟ್ಟುತ್ತಾರೆ. ಗಂಡಸರು ಕಾಲಾಡಿಸುತ್ತಾ ಊರ ಪಂಚಾಯ್ತಿ ಮಾಡುತ್ತಾರೆ. ಕೋಳಿಗಳನ್ನು ಮಾತ್ರ ಮರೆಯದೆ ಒಳಗೆ ಬುಟ್ಟಿ ಮುಚ್ಚಿಡಬೇಕು.

ಹಗ್ಗದ ಇನ್ನೊಂದು ತುದಿಯನ್ನು ಕಂಬಕ್ಕೋ ಕಲ್ಲಿಗೋ ಕಟ್ಟಿದರೆ ನಿಲ್ಲುವುದಿಲ್ಲ. ಎಂಥ ಗಂಟು ಹಾಕಿದರೂ ಆ ಹೊತ್ತಿಗೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಮನುಷ್ಯರ ಮೈಗೋ ಕೈಗೋ ಸುತ್ತಿದ್ದರೆ ಮಾತ್ರ ನಿಲ್ಲುತ್ತದೆ. ಹಿಡಿಯುವವರು ನೆಲದ ಮೇಲಿರಬೇಕು, ನೆಲದ ಮೇಲೆ ಉಳಿಯುವಷ್ಟು ಭಾರವೂ ಇರಬೇಕು. ಅವರೇ ಗೂಟ. ನಮ್ಮದು ಏಳು ಮನೆಗಳ ಪುಟ್ಟ ಬೀದಿ. ನನ್ನ ಹತ್ತು ಬೆರಳು ಎರಡು ಮುಂಗೈಗೆ ಹದಿನೇಳು ಹಗ್ಗ. ಹಗ್ಗ ತಪ್ಪಿ ಹೋದವರು ಎಲ್ಲಿ ಇಳಿಯುತ್ತಾರೋ ಹೇಳಲಾಗದು. ಕೆಳಗಿನ ಬೀದಿಯವನೊಬ್ಬ ಮೂರು ದಿನ ಬಿಟ್ಟು ಯಾವುದೋ ಊರಿನಿಂದ ನಡೆದು ಬಂದ. ಎಲ್ಲರೂ ಹಾಗೆ ಬಂದಿಲ್ಲ.

ಗೂಟಕ್ಕೆ ಬೀದಿಯವರು ಸಂಬಳ ಕೊಡುವುದಿಲ್ಲ, ಪಾಲು ಕೊಡುತ್ತಾರೆ. ಯಾರ ಮನೆಯಲ್ಲಿ ಬಾಣಲೆ ಇಟ್ಟರೂ ಮೊದಲ ಬೋಂಡ ನನಗೆ. ಯಾರ ಮನೆಯಲ್ಲಿ ಪಾಯಸ ಕಾಸಿದರೂ ಮೊದಲ ಲೋಟ ನನಗೆ. ಬೆಳಿಗ್ಗೆ ಎದುರುಮನೆಯಿಂದ ಬೆಣ್ಣೆ ದೋಸೆ ಬಂದರೆ ಮಧ್ಯಾಹ್ನ ಪಕ್ಕದ ಮನೆಯಿಂದ ಚಿತ್ರಾನ್ನ, ಸಂಜೆ ಮೂಲೆಮನೆಯಿಂದ ಚಕ್ಕುಲಿ, ಇದರ ಮೇಲೆ ನಮ್ಮ ಮನೆಯ ಊಟ ಬೇರೆ. ಬೇಡ ಅನ್ನುವ ಹಾಗಿಲ್ಲ. ಗೂಟ ತಟ್ಟೆ ವಾಪಸ್ಸು ಕಳಿಸಿದರೆ ಆ ಮನೆಯವರ ಹಗ್ಗ ಸಡಿಲವಾಗುತ್ತದೆ ಎಂದು ನಂಬಿಕೆ. ಆ ನಂಬಿಕೆಯಲ್ಲಿ ಪ್ರೀತಿಯೂ ಇತ್ತು, ಸುಳ್ಳು ಹೇಳಲಾರೆ. ನನ್ನನ್ನು ನೋಡಿದರೆ ಬೀದಿಯವರ ಕೈ ತಾನಾಗಿ ಒಲೆಯ ಕಡೆ ಹೋಗುತ್ತಿತ್ತು.

ನಮ್ಮಪ್ಪ ಸತ್ತದ್ದು ತೇಲುಹೊತ್ತಿನಲ್ಲೇ. ಆಗ ಅಪ್ಪನಿಗೆ ಐವತ್ತು ತುಂಬುವುದರಲ್ಲಿತ್ತು. ಬೀದಿಯ ನಡುವೆ ತನ್ನ ಜಾಗದಲ್ಲಿ, ಹುಣಸೆಮರದ ಬುಡಕ್ಕೆ ಒರಗಿ ನಿಂತಿದ್ದ. ಮೇಲಿದ್ದವರು ಎಂದಿನಂತೆ ಹರಟುತ್ತಾ, ನಗುತ್ತಾ ಇದ್ದು, ಹೊತ್ತು ಮುಗಿದು ಇಳಿದು ಬಂದು ನೋಡಿದರೆ ಅಪ್ಪನಿಗೆ ಉಸಿರಿರಲಿಲ್ಲ. ಎದೆ ನಿಂತುಹೋಗಿತ್ತು. ಒಂದು ಹಗ್ಗವನ್ನೂ ಬಿಟ್ಟಿರಲಿಲ್ಲ. 'ಎಂಥಾ ಗೂಟ, ಸತ್ತರೂ ಕೈ ಬಿಡಲಿಲ್ಲ' ಎಂದು ಊರೆಲ್ಲ ಕೊಂಡಾಡಿತು. ನನಗೆ ಆ ಹೊಗಳಿಕೆ ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಅಷ್ಟು ಜನ ತಲೆಯ ಮೇಲೇ ಇದ್ದರಲ್ಲ, ಒಬ್ಬರಾದರೂ ಕೆಳಗೆ ನೋಡಬಾರದಿತ್ತೇ? ನಾನೂ ಆವತ್ತು ಮೇಲಿದ್ದೆ, ಒಂದು ಮೊಳ ಮೇಲೆ. ಅಪ್ಪ ನನಗೆ ಯಾವತ್ತೂ ಅದಕ್ಕಿಂತ ಉದ್ದ ಹಗ್ಗ ಬಿಟ್ಟವನಲ್ಲ. ನಾನು ಯಾರ ಜೊತೆಯೋ ಮಾತಾಡುತ್ತಿದ್ದೆ. ಅಪ್ಪನಿಗೆ ಬೆನ್ನು ಮಾಡಿದ್ದೆ.

ಆಗ ನನಗೆ ಇಪ್ಪತ್ತೆಂಟು, ಮದುವೆಯಾಗಿ ಎರಡು ವರ್ಷ. ಬೀದಿಯವರು ಆರು ತಿಂಗಳು ಉಣಿಸಿ ತಿನಿಸಿ ನನ್ನನ್ನು ತೊಂಬತ್ತು ದಾಟಿಸಿದರು. ಆಮೇಲೆ ಇಪ್ಪತ್ತು ವರ್ಷ ನಾನು ನೆಲ ಬಿಟ್ಟದ್ದಿಲ್ಲ. ನನ್ನ ಗಂಡ ಪಾಲಾಕ್ಷಪ್ಪ ದರ್ಜಿ, ಅಳತೆ ಟೇಪಿನಷ್ಟೇ ತೆಳ್ಳಗಿನ ಮನುಷ್ಯ. ಅವರ ಹಗ್ಗ ನನ್ನ ಬಲಗೈ ತೋರುಬೆರಳಿಗೆ. ದಿನಾ ಸಂಜೆ ಅವರು ಓಂಕಾರಮ್ಮನ ಮನೆಯ ಹೆಂಚಿಗಿಂತ ಎತ್ತರ ಹೋಗುತ್ತಿದ್ದರು, ನಾನು ಕೆಳಗಿನಿಂದ ಕೇಳುತ್ತಿದ್ದೆ.

"ರೀ, ಏನ್ ಕಾಣ್ಸುತ್ತೆ?"

"ದಿಬ್ಬದ ಆಚೆ ತಾವರೆಕೊಳ ಕಣೆ. ಇವತ್ತು ಬಿಳೀವು ಜಾಸ್ತಿ ಅರಳವೆ."

ಇಪ್ಪತ್ತು ವರ್ಷ ಆ ಕೊಳವನ್ನು ನಾನು ಅವರ ಮಾತಿನಲ್ಲೇ ಕಂಡೆ. ಕೊಕ್ಕರೆ ಬಂದದ್ದು, ಬೇಸಿಗೆಯಲ್ಲಿ ನೀರು ತಗ್ಗಿದ್ದು, ಎಲೆಗಳ ನಡುವೆ ಒಂದು ನೀರುಹಾವು ಗೆರೆ ಎಳೆದುಕೊಂಡು ಹೋದದ್ದು. ಅಡುಗೆ ಮಾಡುವಾಗ, ಪಾತ್ರೆ ತೊಳೆಯುವಾಗ ಅದು ಕಣ್ಣೆದುರು ಬರುತ್ತಿತ್ತು. ಒಂದು ಸಲ, ಒಂದೇ ಒಂದು ಸಲ ಅದನ್ನು ನೋಡಬೇಕೆಂಬ ಆಸೆ ನನಗಿತ್ತು. ಗೂಟಕ್ಕೆ ಅಂಥ ಆಸೆ ಇರಬಾರದು ಎಂದು ಸುಮ್ಮನಾಗುತ್ತಿದ್ದೆ.

ನಲವತ್ತೆಂಟಕ್ಕೆ ನನ್ನ ಮೊಣಕಾಲು ಮಾತಾಡತೊಡಗಿದವು. ನಾಲ್ಕು ಮೆಟ್ಟಿಲು ಹತ್ತಿದರೆ ಎದೆ ಡವಗುಟ್ಟುತ್ತಿತ್ತು. ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ನಮ್ಮ ಬೀದಿಯ ಮೂಲೆಮನೆಯಲ್ಲೇ ಬಾಡಿಗೆಗಿದ್ದರು. ಬ್ಯಾಂಡೇಜು ಬಟ್ಟೆ ಹೆಣೆದು ಮಾಡಿಕೊಂಡ ಅವರ ಬಿಳಿ ಹಗ್ಗವೂ ನನ್ನ ಕೈಯಲ್ಲೇ ಇತ್ತು. ರಕ್ತ ಪರೀಕ್ಷೆ ಮಾಡಿಸಿ, ಬಿಪಿ ನೋಡಿ, ಸಕ್ಕರೆಯೂ ಏರಿದೆ ಎಂದರು.

"ನಿಮ್ಮ ತಂದೆ ಎಷ್ಟನೇ ವಯಸ್ಸಿಗೆ ಹೋದ್ರು?"

"ಐವತ್ತು ಅಂತಿಟ್ಕೊಳ್ಳಿ."

"ನಿಮಗೀಗ?"

ನಾನು ಅವರ ಕೈಯಲ್ಲಿದ್ದ ಚೀಟಿ ತೋರಿಸಿದೆ. ಚೀಟಿಯ ಮೇಲೆ ಅವರೇ ಬರೆದುಕೊಂಡಿದ್ದರು.

"ನೋಡಿ ಹೂವಮ್ಮ, ನನ್ನ ಹಗ್ಗಾನೂ ನಿಮ್ಮ ಕೈಲೇ ಇದೆ. ಆದ್ರೂ ಹೇಳ್ತೀನಿ, ಇಳಿಸ್ಬೇಕು. ವಾರಕ್ಕೆ ಅರ್ಧ ಕೆಜಿ ಇಳಿದ್ರೂ ಸಾಕು, ಅದಕ್ಕಿಂತ ಅವಸರ ಬೇಡ. ತಟ್ಟೇಲಿ ಅರ್ಧ ಸೊಪ್ಪು ತರಕಾರಿ, ಕಾಲು ಭಾಗ ಕಾಳು ಬೇಳೆ, ಮಿಕ್ಕಿದ್ದು ಮುದ್ದೆನೋ ಅನ್ನಾನೋ. ದಿನಾ ನಡೀರಿ, ಮೊದಲು ಹತ್ತು ನಿಮಿಷ. ಉಪವಾಸ ಮಾತ್ರ ಮಾಡ್ಬೇಡಿ. ಕೇಳಿಸ್ತಾ?"

ಕೇಳಿಸಿತು. ಆದರೆ ನನಗೆ ಬೇಕಾದಷ್ಟನ್ನೇ ಕೇಳಿಸಿಕೊಂಡೆ. ಮೆಲ್ಲಗೆ ಇಳಿಸಲು ಹೊರಟರೆ ಬೀದಿಗೆ ಗೊತ್ತಾಗುತ್ತದೆ, ಗೊತ್ತಾದರೆ ಇನ್ನೆರಡು ಸೌಟು ಹೆಚ್ಚಿಗೆ ಬಡಿಸುತ್ತಾರೆ. ಬೇಗ ಬೇಗ ಇಳಿಸಿ ತೊಂಬತ್ತೊಂದಕ್ಕೆ ನಿಲ್ಲಿಸಿಬಿಟ್ಟರೆ ಎದೆಗೂ ಹಗುರ, ಬೀದಿಗೂ ಗೂಟ. ಇಂಥ ಲೆಕ್ಕಾಚಾರ ನನ್ನದು. ಮಾರನೆಯ ದಿನದಿಂದಲೇ ಊಟ ಬಿಟ್ಟೆ. ಬಂದ ಪಾಲನ್ನೆಲ್ಲ ನಗುನಗುತ್ತಾ ಇಸಿದುಕೊಂಡು ಹಿತ್ತಲ ಎಮ್ಮೆಗೆ ಹಾಕಿದೆ. ನಿಂಬೆಹಣ್ಣಿನ ನೀರು, ಒಂದು ಬಾಳೆಹಣ್ಣು, ಅಷ್ಟೇ. ಗಂಡನಿಗೆ ಹೊಟ್ಟೆ ಸರಿಯಿಲ್ಲ ಎಂದು ಹೇಳಿದೆ. ಹನ್ನೊಂದು ದಿನ ಹೀಗೆ ನಡೆಯಿತು. ಎಮ್ಮೆ ಚೆನ್ನಾಗಿ ದಪ್ಪವಾಯಿತು.

ಹನ್ನೊಂದನೆಯ ಸಂಜೆ ಹಗ್ಗಗಳನ್ನು ಸುತ್ತಿಕೊಂಡು ನನ್ನ ಜಾಗದಲ್ಲಿ ನಿಂತೆ. ಅಪ್ಪ ನಿಂತು ನಿಂತು, ಆಮೇಲೆ ನಾನು ನಿಂತು ನಿಂತು ಅಲ್ಲಿ ಎರಡು ಹೆಜ್ಜೆಯಷ್ಟು ನೆಲ ಗುಳಿಬಿದ್ದಿದೆ. ಒಬ್ಬೊಬ್ಬರೇ ಎದ್ದರು. ಎದುರುಮನೆಯ ಓಂಕಾರಮ್ಮನ ಐದು ವರ್ಷದ ಮೊಮ್ಮಗಳು ಇಂಪನ ಹಳದಿ ಹಗ್ಗದ ತುದಿಯಲ್ಲಿ ಲಾಗ ಹಾಕುತ್ತಿದ್ದಳು. ಓಂಕಾರಮ್ಮ ಮಾತ್ರ ಇನ್ನೂ ಒಳಗಿದ್ದರು, ಕಾವಲಿಯ ಮೇಲೆ ಒಬ್ಬಟ್ಟು ಬೇಯುವ ಪರಿಮಳ ಬರುತ್ತಿತ್ತು. ಆ ಪರಿಮಳಕ್ಕೋ ಏನೋ ನನ್ನ ತಲೆ ಗಿರ್ರೆಂದಿತು. ಕಣ್ಣು ಕತ್ತಲಿಟ್ಟಿತು. ಕಾಲು ಎಲ್ಲಿವೆ ಎಂದೇ ತಿಳಿಯಲಿಲ್ಲ. ತಕ್ಕಡಿಗೆ ಹಾಕಿದ್ದರೆ ಆವತ್ತೂ ತೊಂಬತ್ತರ ಮೇಲೇ ಇರುತ್ತಿದ್ದೆ, ಆದರೆ ನೆಲ ಹಿಡಿಯಲು ಕಾಲಿನಲ್ಲಿ ಕಸುವೇ ಉಳಿದಿರಲಿಲ್ಲ. ಕಣ್ಣು ಬಿಟ್ಟಾಗ ಗುಳಿಬಿದ್ದ ಜಾಗ ನನ್ನ ಕೆಳಗಿತ್ತು.

ಮೊದಲು ಯಾರೂ ಕೂಗಲಿಲ್ಲ. ಗೂಟ ಏಳುವುದನ್ನು ನಮ್ಮೂರಲ್ಲಿ ಯಾರೂ ಕಂಡಿರಲಿಲ್ಲ. ಆಮೇಲೆ ಹುಣಸೆಮರದ ತಗ್ಗಿನ ಕೊಂಬೆಗಳು ನನ್ನ ಪಕ್ಕದಲ್ಲೇ ಇಳಿದುಹೋಗುತ್ತಿರುವಂತೆ ಕಂಡವು, ಬೀದಿಗೆ ಬೀದಿಯೇ ಕಿರುಚಿತು. ನನ್ನ ಪಾಲಿನ ತಟ್ಟೆ ಹಿಡಿದು ಹೊಸ್ತಿಲು ದಾಟಿದ ಓಂಕಾರಮ್ಮ ತಟ್ಟೆ ಎಸೆದು ಓಡಿಬಂದು, ನೆಗೆದು, ನನ್ನ ಪಾದ ಹಿಡಿದರು. ಅವರ ತೂಕ ನಲವತ್ತೈದು ಇದ್ದರೆ ಹೆಚ್ಚು. ಅವರೂ ನನ್ನ ಜೊತೆಗೇ ಎದ್ದರು. ಅಷ್ಟರಲ್ಲಿ ಕಿರುಬೆರಳಿನಿಂದ ಹಳದಿ ಹಗ್ಗ ಜಾರಿತು. ಜಾರಿದ್ದು ನನಗೆ ಗೊತ್ತಾಯಿತು, ಬೆರಳು ಮಡಿಸಲು ಆಗಲಿಲ್ಲ. ಆ ಒಂದು ಕ್ಷಣವನ್ನು ನಾನು ಈಗಲೂ ನಿದ್ದೆಯಲ್ಲಿ ಕಾಣುತ್ತೇನೆ.

ನನ್ನ ಗಂಡ ತಮ್ಮ ಹಗ್ಗವನ್ನೇ ಕೈಮೇಲೆ ಕೈಯಿಟ್ಟು ಎಳೆದುಕೊಂಡು ಕೆಳಗೆ ಬರುತ್ತಿದ್ದರು. ಮೇಲಕ್ಕೆ ಹೋಗುತ್ತಿದ್ದ ಇಂಪನ ಪಕ್ಕಕ್ಕೆ ಬಂದಾಗ ಅವಳ ಕಾಲು ಹಿಡಿದು ಕಂಕುಳಿಗೆ ಸಿಕ್ಕಿಸಿಕೊಂಡರು. ನನ್ನನ್ನು ಮುಟ್ಟಿದ್ದೇ ಭುಜ ಬಾಚಿ ತಬ್ಬಿ, ಮೇಲೆ ನೋಡಿ ಕೂಗಿದರು. "ಎಲ್ರೂ ಹಗ್ಗ ಹಿಡ್ಕೊಂಡು ಇಳ್ಕೊಂಡ್ ಬನ್ನಿ! ಒಬ್ರನ್ನೊಬ್ರು ಹಿಡ್ಕೊಳ್ಳಿ, ಬಿಡಬ್ಯಾಡಿ!"

ಬಂದರು. ಒಬ್ಬರ ತೋಳು ಒಬ್ಬರು, ಒಬ್ಬರ ಸೊಂಟ ಒಬ್ಬರು ಹಿಡಿದರು. ಹಿಡಿದವರು ಹೆಚ್ಚಾದಷ್ಟೂ ನಾವು ಕೆಳಗಿಳಿಯುತ್ತಾ ಬಂದೆವು. ಹದಿನೆಂಟು ಜನವೂ ಸೇರಿದಾಗ ನೆಲದಿಂದ ಮೊಣಕಾಲೆತ್ತರಕ್ಕೆ ಬಂದು ನಿಂತೆವು. ಹಾಗೇ, ಉಸಿರು ಬಿಡಲೂ ಹೆದರಿಕೊಂಡು, ಹೊತ್ತು ಮುಗಿಯುವವರೆಗೆ ಇದ್ದೆವು. ಗೂಟ ಇರುವಾಗ ಹೀಗೆ ಮಾಡಿ ನೋಡುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ.

ಮಾರನೆಯ ಬೆಳಿಗ್ಗೆ ಆರಕ್ಕೇ ಓಂಕಾರಮ್ಮ ಬಂದರು. ತಟ್ಟೆಯಲ್ಲಿ ನಾಲ್ಕು ಒಬ್ಬಟ್ಟು, ಮೇಲೆ ತುಪ್ಪ.

"ತಗೋ, ನನ್ನೆದುರಿಗೇ ತಿನ್ನು. ಮೊಮ್ಮಗಳು ಹೋಗ್ಬುಡ್ತಿದ್ಲು ನೆನ್ನೆ."

"ತಪ್ಪು ನಂದೇ ಅಕ್ಕ. ಹನ್ನೊಂದು ದಿನದಿಂದ ಊಟ ಬಿಟ್ಟಿದ್ದೆ."

"ಯಾಕೆ? ನಮ್ಮ ಕೈ ಅಡಿಗೆ ಬ್ಯಾಡ್ವಾಯ್ತಾ?"

ನಾನು ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದೆ. ಇನ್ನು ಉಪವಾಸ ಮಾಡುವುದಿಲ್ಲ, ಆದರೆ ಈ ತಟ್ಟೆಯನ್ನೂ ಮುಟ್ಟುವುದಿಲ್ಲ ಎಂದೆ. ಹುಟ್ಟಿದಾಗಿನಿಂದ ನಾನು ಯಾರಿಗೂ ಬೇಡ ಅಂದವಳಲ್ಲ.

ಓಂಕಾರಮ್ಮನಿಗೆ ಸಿಟ್ಟು ಬಂತು. "ನಿಮ್ಮಪ್ಪ ಒಂದಿನಾನೂ ಬ್ಯಾಡ ಅಂದೋನಲ್ಲ ಕಣೆ."

"ಅದಕ್ಕೇ ಅಕ್ಕ, ಅಪ್ಪ ಈಗಿಲ್ಲ."

ಅವರು ತಟ್ಟೆ ಹಿಡಿದುಕೊಂಡೇ ನಿಂತರು. ಆಮೇಲೆ ಜಗಲಿಯ ಅಂಚಿಗೆ ಕುಸಿದು ಕೂತರು. ನನಗಲ್ಲ, ತಟ್ಟೆಗೆ ಹೇಳುವ ಹಾಗೆ ಹೇಳಿದರು. "ಅಂದಿದ್ದ. ಹೋದ ದಿನ ಬ್ಯಾಡ ಅಂದಿದ್ದ. ಎರಡು ತಿಂದು, ಸಾಕು ಓಂಕಾರಿ, ಎದೆ ಉರೀತದೆ ಅಂದ. ಗೂಟ ಹಂಗನ್ಬಾರ್ದು ಅಂತ ಇನ್ನೊಂದು ನಾನೇ ಬಾಯಿಗಿಟ್ಟೆ." ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ಇಪ್ಪತ್ತು ವರ್ಷದಿಂದ ಒಳಗಿಟ್ಟುಕೊಂಡಿದ್ದರು ಪಾಪ. ನಾನೂ ಪಕ್ಕದಲ್ಲಿ ಕೂತು ಅತ್ತೆ.

ಮರುದಿನ ಅದೇ ತಟ್ಟೆ ಮತ್ತೆ ಬಂತು. ಅದರಲ್ಲಿ ಮೊಳಕೆ ಹೆಸರುಕಾಳಿನ ಕೋಸಂಬರಿ, ಮೇಲೆ ತುರಿದ ಕ್ಯಾರೆಟ್ಟು, ನಿಂಬೆರಸ. "ಇದೂ ಗೂಟದ ಪಾಲೇ. ಇದುನ್ನ ಬ್ಯಾಡ ಅಂದ್ರೆ ಮಾತ್ರ ಸುಮ್ಕಿರಾಕಿಲ್ಲ" ಎಂದರು. ಬೀದಿಯ ಮಿಕ್ಕ ಮನೆಗಳಿಗೂ ಅವರೇ ಹೋಗಿ ಹೇಳಿಬಂದರು. ದಂಟಿನ ಸೊಪ್ಪಿನ ಬಸ್ಸಾರು, ಬೇಯಿಸಿದ ಹುರುಳಿಕಾಳು, ಸೌತೆಕಾಯಿ, ನೀರು ಮಜ್ಜಿಗೆ, ಪರಂಗಿಹಣ್ಣು ಬರತೊಡಗಿದವು. ಒಲೆಯ ಕಡೆ ಹೋಗುವ ಕೈಯನ್ನು ನಿಲ್ಲಿಸಲಾಗದು, ಏನನ್ನು ಒಲೆಗೆ ಏರಿಸಬೇಕು ಎಂಬುದಷ್ಟೇ ಬದಲಾಯಿತು.

ನಡಿಗೆ ಶುರುವಾದದ್ದು ಕೆರೆ ಏರಿಯ ಮೇಲೆ. ಮೊದಲ ದಿನ ಹತ್ತು ನಿಮಿಷಕ್ಕೆ ಎರಡು ಸಲ ಕೂತೆ. ನನ್ನ ಗಂಡ ಪಕ್ಕದಲ್ಲಿ ಮೆಲ್ಲಗೆ, ಬಟ್ಟೆಗೆ ಕಚ್ಚಾ ಹೊಲಿಗೆ ಹಾಕುವವರ ಹಾಗೆ ಸಣ್ಣ ಸಣ್ಣ ಹೆಜ್ಜೆಯಿಡುತ್ತಾ ಬಂದರು. ತಿಂಗಳಿಗೆ ಅರ್ಧ ಏರಿ, ಮೂರು ತಿಂಗಳಿಗೆ ಇಡೀ ಏರಿ, ಆಮೇಲೆ ಹೋಗಿ ಬರುವಷ್ಟು. ಮನೆಗೆ ಬಂದು ಜಗಲಿಯ ಮೇಲೆ ಕೂತು ಏಳುವುದು, ಕೈ ಊರದೆ, ಮೊದಲು ಐದು ಸಲ, ಆಮೇಲೆ ಇಪ್ಪತ್ತು. ಇಬ್ಬನಿಯಲ್ಲಿ ಏರಿ ಕಾಣುತ್ತಿರಲಿಲ್ಲ, ಕೆರೆಯೂ ಕಾಣುತ್ತಿರಲಿಲ್ಲ, ನನ್ನ ಉಸಿರು ಮಾತ್ರ ನನ್ನ ಮುಂದೆ ಬೆಳ್ಳಗೆ ಹೋಗುತ್ತಿತ್ತು. ಒಂದು ಬೆಳಿಗ್ಗೆ ಅದು ಏದುಸಿರಾಗಿರಲಿಲ್ಲ. ಯಾವತ್ತಿನಿಂದ ಹಾಗಾಯಿತೋ ನನಗೇ ತಿಳಿಯದು.

ಎಡವಲಿಲ್ಲವೆಂದಲ್ಲ. ಗೌರಿಹಬ್ಬದಲ್ಲಿ ಕಡುಬು ಕಂಡು ನಾಲಿಗೆ ತಡೆಯದೆ ಆರು ತಿಂದೆ. ಇಡೀ ದಿನ ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದಾಗ ಡಾಕ್ಟರಮ್ಮ, "ತಿಂದ್ರಿ, ಚೆನ್ನಾಗಿತ್ತು, ಮುಗೀತು. ನಾಳೆ ಎದ್ದು ನಡೀರಿ" ಎಂದರು. ಎದ್ದು ನಡೆದೆ. ಎರಡು ತಿಂಗಳು ತೂಕ ಇಳಿಯದೆ ಹಟ ಹಿಡಿದು ಕೂತಾಗಲೂ ನಡೆದೆ. ನನ್ನ ಗಂಡ ನನ್ನ ರವಿಕೆಗಳನ್ನು ಒಳಗಿನಿಂದ ಹಿಡಿಯುತ್ತಾ ಬಂದರು, ಆದರೆ ಬಟ್ಟೆ ಕತ್ತರಿಸಲಿಲ್ಲ. "ಇರ್ಲಿ ಬಿಡು, ಬೇಕಾದ್ರೆ ಬಿಚ್ಕೋಬೋದು, ಹೆದ್ರುಬ್ಯಾಡ" ಅನ್ನುತ್ತಿದ್ದರು.

ಇತ್ತ ಬೀದಿಯ ಕಷ್ಟ ಬೀದಿಗೆ. ನಾನು ಗೂಟದ ಜಾಗ ಬಿಟ್ಟ ಮೇಲೆ, ಹಿಮ್ಮಡಿ ಏಳುವ ಮುಂಚೆಯೇ ಹತ್ತು ಜನ ತೋಳಿಗೆ ತೋಳು ಹೆಣೆದು ಸುತ್ತ ಕೂರಬೇಕು, ಹಾಗೆ ಕೂತರೆ ನೆಲ ಬಿಡುವುದಿಲ್ಲ, ಮಿಕ್ಕವರ ಹಗ್ಗ ಅವರ ಕೈಯಲ್ಲಿ. ದಿನಕ್ಕೊಂದು ಸರದಿ. ಕೂತವರಿಗೆ ಅವರೆಕಾಯಿ ಸುಲಿಯಲು ಕೈ ಖಾಲಿ ಇಲ್ಲವೆಂದು ಗೊಣಗಾಟ, ತೋಳು ಸೇದುತ್ತದೆಂದು ಗೊಣಗಾಟ. ತೋಳಲ್ಲಿ ಕಸುವಿಲ್ಲದೆ ಹಿಡಿಯಲಾಗದು ಎಂದು ತಿಳಿದ ಮೇಲೆ ಒಬ್ಬೊಬ್ಬರೇ ಬೆಳಿಗ್ಗೆ ಏರಿಯ ಮೇಲೆ ಕಾಣಿಸಿಕೊಂಡರು. ಅರವತ್ತೆಂಟರ ಓಂಕಾರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಎಲ್ಲರಿಗಿಂತ ಮುಂದೆ. ಬೇರೆ ಬೀದಿಗಳಲ್ಲಿ ಈಗಲೂ ಗೂಟಗಳಿದ್ದಾರೆ. ನಮ್ಮನ್ನು ನೋಡಿ ನಗುತ್ತಾರೆ. ಆ ವರ್ಷದ ಯುಗಾದಿಗೆ ನನ್ನನ್ನು ಮಂಡಿಗೆ ಯಾರೂ ಕರೆಯಲಿಲ್ಲ. ತೆಂಗಿನಕಾಯಿ ಸಿಗದಿದ್ದಕ್ಕೆ ನನಗೆ ಸ್ವಲ್ಪ ಬೇಜಾರಾದದ್ದು ನಿಜ.

ಎರಡು ವರ್ಷಕ್ಕೆ ಎಪ್ಪತ್ತೈದಕ್ಕೆ ಬಂದೆ. ಸಕ್ಕರೆ ಹತೋಟಿಗೆ ಬಂತು, ಮೊಣಕಾಲು ಸುಮ್ಮನಾದವು. ನನಗೆ ಐವತ್ತು ತುಂಬಿದ ದಿನ ಓಂಕಾರಮ್ಮ ಸರದಿ ಬದಲಿಸಿ, ನನ್ನನ್ನೂ ನನ್ನ ಗಂಡನನ್ನೂ ಮೇಲಿನವರ ಪಟ್ಟಿಗೆ ಹಾಕಿದರು. ನನಗಾಗಿ ಅವರು ಹೊಸ ಹಗ್ಗ ಹೊಸೆದಿದ್ದರು, ಉದ್ದನೆಯದು. "ಎಷ್ಟು ಬೇಕೋ ಅಷ್ಟು ಹೋಗು, ನಾನಿವ್ನಿ" ಎಂದು ತುದಿಯನ್ನು ಮುಂಗೈಗೆ ಸುತ್ತಿಕೊಂಡರು.

ಹಿಮ್ಮಡಿ ಎದ್ದಿತು, ಬೆರಳು ಎದ್ದವು. ಒಂದು ಮೊಳ. ಅಲ್ಲಿಂದ ಮುಂದಿನದೆಲ್ಲ ನನಗೆ ಹೊಸದು. ಬೀದಿಯ ಸದ್ದು ತಗ್ಗಿತು, ಒಲೆಯ ಹೊಗೆ ಕೆನ್ನೆ ಸವರಿಕೊಂಡು ಹೋಯಿತು, ನನ್ನ ಕಾಲುಗಳು ಯಾರದೋ ಮಗುವಿನ ಕಾಲುಗಳ ಹಾಗೆ ತಾವೇ ಆಡತೊಡಗಿದವು. ಗಂಡ ಕೈ ಕೊಟ್ಟರು, ಹಿಡಿದೆ. ಓಂಕಾರಮ್ಮನ ಮನೆಯ ಹೆಂಚು ದಾಟಿದೆವು. ನಾನು ದಿಬ್ಬದ ಕಡೆಗೆ ತಿರುಗಿದೆ.

ದಿಬ್ಬದ ಆಚೆ ಇನ್ನೊಂದು ದಿಬ್ಬವಿತ್ತು. ಅದರ ಆಚೆ ಕುರುಚಲು ಗಿಡ, ಒಂದು ಕಲ್ಲು ಕ್ವಾರಿ. ನೀರೇ ಇರಲಿಲ್ಲ.

"ರೀ, ತಾವರೆಕೊಳ ಎಲ್ಲಿ?"

ಅವರು ತಲೆ ಕೆರೆದುಕೊಂಡರು. "ಆ ಕಡೆ ನಾನ್ ಯಾವತ್ತು ನೋಡಿದ್ದೆ? ನೀನು ಏನ್ ಕಾಣ್ಸುತ್ತೆ ಅಂತ ಕೇಳ್ತಿದ್ದೆ, ಏನಾರ ಒಂದು ಹೇಳ್ಬೇಕಲ್ಲ."

"ಮತ್ತೆ ಇಪ್ಪತ್ತು ವರ್ಷ ಇಲ್ಲಿ ಏನ್ ನೋಡ್ತಿದ್ರಿ?"

ಅವರು ಕೆಳಗೆ, ಹುಣಸೆಮರದ ಬುಡದ ಆ ಗುಳಿಬಿದ್ದ ಜಾಗವನ್ನು ತೋರಿಸಿದರು. "ನಿಮ್ಮಪ್ಪ ಹೋದಾಗ ಯಾರೂ ನೋಡಿರ್ಲಿಲ್ವಲ್ಲ. ಅದಕ್ಕೇ ನಿನ್ನ ಉಸಿರು ಎಣುಸ್ತಿದ್ದೆ. ಭುಜ ಎದ್ರೆ ಒಂದು, ಇಳಿದ್ರೆ ಒಂದು. ದಿನಾ. ಇಳಿಯೋ ತನಕ."

ನಾನೂ ಬಗ್ಗಿ ನೋಡಿದೆ. ಕೆಳಗೆ ಹತ್ತು ಜನ ತೋಳಿಗೆ ತೋಳು ಕೊಟ್ಟು ಕೂತಿದ್ದರು, ಓಂಕಾರಮ್ಮ ಕುತ್ತಿಗೆ ಎತ್ತಿ ನನ್ನನ್ನೇ ನೋಡುತ್ತಿದ್ದರು. ಆ ಜಾಗದಲ್ಲಿ ಯಾರೂ ಇರಲಿಲ್ಲ, ಎರಡು ಗುಳಿಗಳಲ್ಲಿ ಒಂದಿಷ್ಟು ಹುಣಸೆ ಎಲೆ ಬಿದ್ದಿತ್ತು. ಅವರ ಕಡೆ ತಿರುಗಿ ಕೇಳಿದೆ.

"ಇವತ್ತು ಎಣುಸಿದ್ರಾ?"

ಅವರು ನನ್ನ ಕೈ ಬಿಡದೆ, ಗಾಬರಿಯಾದವರ ಹಾಗೆ ನನ್ನ ಮುಖ ನೋಡಿದರು. ಆಮೇಲೆ ನಕ್ಕರು.

"ಇಲ್ಲ ಕಣೆ. ಮರ್ತೇ ಹೋಯ್ತು."